ಲೈಸೆನ್ಸ್ ಇದೆ, ಕಾರಿದೆ, ಸ್ಟಿಯರಿಂಗ್ ಹಿಡಿಯಲು ಭಯ: ಧೈರ್ಯ ಬರಲಿ ಅಂತ ಕಾಯಬೇಕೇ?

ಪ್ರಶ್ನೆ: ನನಗೆ 36 ವರ್ಷ, ಬೆಂಗಳೂರಿನ ಬಸವೇಶ್ವರನಗರದಲ್ಲಿದ್ದೇವೆ. ಆರು ವರ್ಷದ ಹಿಂದೆ ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡೆ. ಎರಡು ತಿಂಗಳಾದ ಮೇಲೆ ಒಂದು ಸಂಜೆ ಮಾಗಡಿ ರಸ್ತೆಯ ಏರಿನಲ್ಲಿ, ಸಿಗ್ನಲ್ ಬಿಟ್ಟಾಗ, ಕಾರು ಹಿಂದಕ್ಕೆ ಜಾರಿ ಆಫ್ ಆಯಿತು. ಹಿಂದಿದ್ದವರೆಲ್ಲ ಹಾರ್ನ್ ಹೊಡೆದರು, ಒಬ್ಬರು ಇಳಿದು ಬಂದು ಬೈದರು. ಯಾರಿಗೂ ಪೆಟ್ಟಾಗಲಿಲ್ಲ, ಕಾರಿಗೊಂದು ಗೀರೂ ಬೀಳಲಿಲ್ಲ. ಆದರೆ ಅವತ್ತಿನಿಂದ ನಾನು ಕಾರು ಮುಟ್ಟಿಲ್ಲ. ‘ನನಗೆ ಡ್ರೈವಿಂಗ್ ಆಗಿಬರೋಲ್ಲ’ ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಿಕ್ಕಿದ್ದ ಒಳ್ಳೆಯ ಕೆಲಸವನ್ನೂ ಇದೇ ಕಾರಣಕ್ಕೆ ಬೇಡ ಅಂದೆ. ತುಮಕೂರಿನಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಯಜಮಾನರಿಗೆ ಪುರುಸೊತ್ತಾದಾಗ ಮಾತ್ರ ಹೋಗಿಬರುತ್ತೇವೆ. ಧೈರ್ಯ ಬಂದ ಮೇಲೆ ಶುರು ಮಾಡೋಣ ಅಂದುಕೊಂಡೇ ಇಷ್ಟು ವರ್ಷವಾಯಿತು. ಆ ಧೈರ್ಯ ಬರುವುದು ಹೇಗೆ? ಈ ಗೇರಿನ ಕಾರು ಮಾರಿ ಆಟೊಮ್ಯಾಟಿಕ್ ಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ಧೈರ್ಯ ಬಂದ ಮೇಲೆ ಓಡಿಸುತ್ತೇನೆ ಅಂದರೆ ಅದು ಬರುವುದೇ ಇಲ್ಲ. ಓಡಿಸಿದ ಮೇಲೆ ಬರುತ್ತದೆ, ಅದೂ ಒಂದೇ ದಿನಕ್ಕಲ್ಲ. ಆರು ವರ್ಷ ಕಾದಿದ್ದರಿಂದ ಭಯ ಕರಗಲಿಲ್ಲ, ಇನ್ನೂ ಗಟ್ಟಿಯಾಯಿತು. ಇದರ ಲೆಕ್ಕ ಸರಳ. ಯಜಮಾನರು ‘ಇವತ್ತು ನೀನೇ ಓಡಿಸು’ ಅಂದ ಕೂಡಲೇ ಎದೆ ಡವಗುಟ್ಟುತ್ತದೆ. ‘ಬೇಡ, ನೀವೇ ಓಡಿಸಿ’ ಅಂದ ತಕ್ಷಣ ಹಾಯೆನಿಸುತ್ತದೆ. ಆ ಹಾಯೆನಿಸುವಿಕೆಯೇ ಮನಸ್ಸಿಗೆ ಸಿಗುವ ಬಹುಮಾನ. ಬಹುಮಾನ ಸಿಕ್ಕಿದ್ದನ್ನೇ ಮನಸ್ಸು ಮುಂದಿನ ಸಲವೂ ಮಾಡಿಸುತ್ತದೆ. ಮನೋವಿಜ್ಞಾನಿ ಮೌರರ್ 1947ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು: ಭಯ ಹುಟ್ಟಲು ಒಂದು ಘಟನೆ ಸಾಕು, ಅದು ವರ್ಷಗಟ್ಟಲೆ ಉಳಿಯುವುದು ತಪ್ಪಿಸಿಕೊಳ್ಳುವುದರಿಂದ. ನಿಮ್ಮ ಮಟ್ಟಿಗೆ ಆ ಘಟನೆ ಎರಡು ನಿಮಿಷದ್ದು, ತಪ್ಪಿಸಿಕೊಂಡಿದ್ದು ಆರು ವರ್ಷ.

ಹಾಗಂತ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಸಿಲ್ಕ್ ಬೋರ್ಡ್ ಕಡೆಗೆ ಹೊರಡಿ ಅನ್ನುತ್ತಿಲ್ಲ. ಮೊದಲು ಒಂದನ್ನು ಬೇರ್ಪಡಿಸಿ ನೋಡಬೇಕು. ಅವತ್ತು ಮಾಗಡಿ ರಸ್ತೆಯಲ್ಲಿ ನಿಮ್ಮಲ್ಲಿ ಕಡಿಮೆ ಇದ್ದದ್ದು ಧೈರ್ಯವಲ್ಲ, ಏರಿನಲ್ಲಿ ಗಾಡಿ ಎತ್ತುವ ಅಭ್ಯಾಸ. ಕೈಕಾಲಿಗೆ ಬಾರದ ಕೆಲಸವನ್ನು ಧೈರ್ಯದಿಂದ ಮಾಡಲಾಗದು. ಕಲಿಯಬೇಕಾದ್ದನ್ನು ಕಲಿಯದೆ ಭಯದ ಮೇಲೆ ಮಾತ್ರ ಕೆಲಸ ಮಾಡಿದರೆ ರಸ್ತೆಯಲ್ಲಿ ಮತ್ತೆ ಅದೇ ಆಗುತ್ತದೆ, ‘ನೋಡು, ನನಗೆ ಆಗಿಬರೋಲ್ಲ’ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಂತಾಗುತ್ತದೆ.

ಡ್ರೈವಿಂಗ್ ಸ್ಕೂಲಿನಲ್ಲಿ ಸರಾಗವಾಗಿ ಓಡಿಸುತ್ತಿದ್ದವರು ಸ್ವಂತ ಕಾರಿನಲ್ಲಿ ತಡವರಿಸುವುದಕ್ಕೆ ಒಂದು ಕಾರಣವಿದೆ. ಸ್ಕೂಲಿನ ಕಾರಿನಲ್ಲಿ ಪಕ್ಕ ಕೂತವರ ಕಾಲಡಿಯಲ್ಲೂ ಪೆಡಲ್‌ಗಳಿರುತ್ತವೆ. ಏರು ಬಂದಾಗ, ಬಸ್ಸು ಅಡ್ಡ ಬಂದಾಗ ಅವರು ಸದ್ದಿಲ್ಲದೆ ಕ್ಲಚ್ ಒತ್ತಿರುತ್ತಾರೆ, ಬ್ರೇಕ್ ಹಿಡಿದಿರುತ್ತಾರೆ. ಕಲಿಯುವವರು ತಾವೇ ಓಡಿಸಿದೆವು ಅಂದುಕೊಂಡಿರುತ್ತಾರೆ. ಆದ್ದರಿಂದ ಮೊದಲು ಐದಾರು ಮರುಕಲಿಕೆಯ ಕ್ಲಾಸಿಗೆ ಸೇರಿಕೊಳ್ಳಿ. ಸೇರುವಾಗಲೇ ಎರಡು ಮಾತು ಖಚಿತವಾಗಿ ಹೇಳಿ: ಕ್ಲಾಸು ನಮ್ಮ ಕಾರಿನಲ್ಲೇ ಆಗಬೇಕು, ಅದರಲ್ಲಿ ಎರಡು ಪೂರ್ತಿ ಕ್ಲಾಸು ಏರಿನಲ್ಲಿ ನಿಲ್ಲಿಸಿ ಎತ್ತುವುದಕ್ಕೇ ಮೀಸಲಿರಬೇಕು. ಅದಕ್ಕೂ ಮುಂಚೆ ಲೈಸೆನ್ಸಿನ ಮೇಲಿರುವ ಅವಧಿ ನೋಡಿಕೊಳ್ಳಿ. ಮುಗಿದು ಒಂದು ವರ್ಷ ದಾಟಿದ್ದರೆ ನವೀಕರಿಸಲು ಮತ್ತೆ ಟೆಸ್ಟ್ ಕೊಡಬೇಕಾಗುತ್ತದೆ.

ಏರಿನಲ್ಲಿ ಎತ್ತುವುದು ಹೀಗೆ. ಕಾರು ನಿಂತ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆಯಿರಿ. ಹೊರಡುವಾಗ ಕ್ಲಚ್ ಪೂರ್ತಿ ಒತ್ತಿ ಮೊದಲ ಗೇರ್ ಹಾಕಿ, ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿ, ಎಂಜಿನ್ನಿನ ಸುತ್ತು (ಆರ್‌ಪಿಎಂ) ತೋರಿಸುವ ಮೀಟರಿನಲ್ಲಿ ಸುಮಾರು 1500 ತೋರಿಸುವಷ್ಟು. ಈಗ ಕ್ಲಚ್ಚನ್ನು ನಿಧಾನವಾಗಿ ಬಿಡುತ್ತಾ ಬನ್ನಿ. ಒಂದು ಹಂತದಲ್ಲಿ ಎಂಜಿನ್ನಿನ ಸದ್ದು ಭಾರವಾಗುತ್ತದೆ, ಬಾನೆಟ್ ಕೂದಲೆಳೆಯಷ್ಟು ಮೇಲೇಳುತ್ತದೆ. ಅದೇ ಹಾಫ್ ಕ್ಲಚ್. ಪಾದವನ್ನು ಅಲ್ಲೇ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಇಳಿಸಿ. ಕಾರು ಒಂದಿಂಚೂ ಹಿಂದೆ ಹೋಗದೆ ಮುಂದಕ್ಕೆ ಹೊರಡುತ್ತದೆ. ಹಿಂದೆ ಜಾರಿತೆಂದರೆ ಹಾಫ್ ಕ್ಲಚ್ ಸಿಗುವ ಮುಂಚೆಯೇ ಹ್ಯಾಂಡ್‌ಬ್ರೇಕ್ ಇಳಿಸಿದ್ದೀರಿ. ಆಫ್ ಆಯಿತೆಂದರೆ ಕ್ಲಚ್ಚನ್ನು ದಢಕ್ಕನೆ ಬಿಟ್ಟಿದ್ದೀರಿ, ಇಲ್ಲವೇ ಗೇರು ಎರಡರಲ್ಲಿತ್ತು. ಮೂರನೆಯ ಕಾರಣವೂ ಒಂದುಂಟು, ಅದನ್ನು ಯಾರೂ ಗಮನಿಸುವುದಿಲ್ಲ. ಸೀಟು ಹಿಂದಿದ್ದರೆ ಎಡಗಾಲು ಪೂರ್ತಿ ಚಾಚಿಕೊಳ್ಳುತ್ತದೆ. ಚಾಚಿದ ಕಾಲು ಹೆದರಿಕೆಯಲ್ಲಿ ನಡುಗಿದಾಗ ಕ್ಲಚ್ ಹಿಡಿತಕ್ಕೆ ಸಿಗುವುದಿಲ್ಲ. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರುವಂತೆ ಸೀಟು ಮುಂದೆ ಎಳೆದುಕೊಳ್ಳಿ. ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡ, ತೆಳು ಅಟ್ಟೆಯ ಶೂ ಹಾಕಿಕೊಳ್ಳಿ.

ಆಫ್ ಆದ ಗಾಡಿಯನ್ನು ಮತ್ತೆ ಎತ್ತುವುದನ್ನೂ ಪ್ರತ್ಯೇಕವಾಗಿ ಅಭ್ಯಾಸ ಮಾಡಬೇಕು. ವಾಹನ ಓಡಾಡದ ಒಂದು ಅಡ್ಡರಸ್ತೆಯಲ್ಲಿ ಬೇಕೆಂದೇ ಕ್ಲಚ್ ಬಿಟ್ಟು ಆಫ್ ಮಾಡಿ. ಬ್ರೇಕ್, ಹ್ಯಾಂಡ್‌ಬ್ರೇಕ್, ಕ್ಲಚ್, ನ್ಯೂಟ್ರಲ್, ಕೀ, ಮೊದಲ ಗೇರ್, ಹೊರಡು. ಬಾಯಲ್ಲಿ ಹೇಳಿಕೊಳ್ಳುತ್ತಾ ಹತ್ತು ಸಲ ಮಾಡಿ, ಮಾರನೆಯ ದಿನ ಮತ್ತೆ ಹತ್ತು ಸಲ. ನಿಮಗೆ ಜಗತ್ತೇ ಮುಳುಗಿದಂತೆ ಕಂಡ ಆ ಗಳಿಗೆ ನಿಜಕ್ಕೂ ಹತ್ತು ಸೆಕೆಂಡಿನ ಕೆಲಸ ಅನ್ನುವುದು ಕೈಗೆ ಗೊತ್ತಾಗಬೇಕು, ತಲೆಗೆ ಗೊತ್ತಾದರೆ ಸಾಲದು.

ಈಗ ಭಯದ ಭಾಗ. ಒಂದು ನೋಟ್‌ಬುಕ್ ತೆಗೆದುಕೊಂಡು ನಿಮಗೆ ಹೆದರಿಕೆಯಾಗುವ ಡ್ರೈವಿಂಗ್ ಸಂದರ್ಭಗಳನ್ನೆಲ್ಲ ಬರೆಯಿರಿ, ಪ್ರತಿಯೊಂದಕ್ಕೂ 0ರಿಂದ 100ರೊಳಗೆ ಅಂಕ ಕೊಡಿ. ಈ ಅಂಕದ ಪದ್ಧತಿ ಜೋಸೆಫ್ ವೋಲ್ಪಿ ಅವರದು. ಭಯಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಚಿಕಿತ್ಸೆ ಕೊಡುವುದನ್ನು ವ್ಯವಸ್ಥಿತವಾಗಿ ರೂಪಿಸಿದವರಲ್ಲಿ ಅವರು ಮುಖ್ಯರು. ನಿಮ್ಮ ಮನೆಯಿಂದ ಹೊರಟರೆ ಪಟ್ಟಿ ಸುಮಾರಾಗಿ ಹೀಗಿರಬಹುದು. ನಿಲ್ಲಿಸಿದ ಕಾರಿನಲ್ಲಿ ಎಂಜಿನ್ ಆನ್ ಮಾಡಿ ಇಪ್ಪತ್ತು ನಿಮಿಷ ಕೂರುವುದು 20 (ಮುಚ್ಚಿದ ಗ್ಯಾರೇಜಿನಲ್ಲಿ ಬೇಡ, ಹೊಗೆ ವಿಷ, ಬಯಲಲ್ಲೇ ಮಾಡಿ). ಭಾನುವಾರ ಬೆಳಿಗ್ಗೆ ಆರಕ್ಕೆ ನಿಮ್ಮ ಬಡಾವಣೆಯೊಳಗೆ ಬರೀ ಎಡ ತಿರುವು ತೆಗೆದುಕೊಂಡು ಸುತ್ತುವುದು 35. ಅದೇ ಸುತ್ತನ್ನು ಬಲ ತಿರುವಿನಲ್ಲಿ ಮಾಡಿ, ಮನೆ ಮುಂದೆ ರಿವರ್ಸ್ ಹಾಕಿ ನಿಲ್ಲಿಸುವುದು 45. ಭಾನುವಾರ ಬೆಳಿಗ್ಗೆ ವೆಸ್ಟ್ ಆಫ್ ಕಾರ್ಡ್ ರೋಡ್ 50. ವಾರದ ದಿನ ಹನ್ನೊಂದು ಗಂಟೆಗೆ ಅದೇ ರಸ್ತೆ 60. ಮಾಲ್ ಒಂದರ ಬೇಸ್‌ಮೆಂಟಿಗಿಳಿದು ಹತ್ತಿಬರುವುದು 70. ಮಾಗಡಿ ರಸ್ತೆಯ ಆ ಸಿಗ್ನಲ್, ಮೊದಲು ಬೆಳಿಗ್ಗೆ ಆರೂವರೆಗೆ, ಆಮೇಲೆ ಸಂಜೆ ಆರೂವರೆಗೆ. ನಾಗರಭಾವಿ ಕಡೆಯಿಂದ ಗೊರಗುಂಟೆಪಾಳ್ಯದವರೆಗೆ ಹೊರವರ್ತುಲ ರಸ್ತೆ. ಅಲ್ಲಿಂದ ನಾಗಸಂದ್ರದ ಕಡೆಗೆ ಹೋಗುವ ಮೇಲ್ಸೇತುವೆ. ಹತ್ತಿದ ಮೇಲೆ ನಿಲ್ಲಿಸಲು, ತಿರುಗಿಸಲು ಜಾಗವಿಲ್ಲವಾದ್ದರಿಂದ ಇದು ಅನೇಕರಿಗೆ ಏರಿಗಿಂತ ಕಷ್ಟ. ಆಮೇಲೆ ನೆಲಮಂಗಲಕ್ಕೆ ಹೋಗಿ ವಾಪಸ್. ಕೊನೆಗೆ ಸುಮಾರು 70 ಕಿಲೋಮೀಟರಿನ ತುಮಕೂರು, ಒಬ್ಬರೇ.

ಬೇಸ್‌ಮೆಂಟಿನ ರ‍್ಯಾಂಪನ್ನು ಮಧ್ಯದಲ್ಲಿಟ್ಟಿರುವುದಕ್ಕೆ ಕಾರಣವಿದೆ. ಅದು ಕಡಿದಾದ ಏರು, ಮೇಲೆ ಗೇಟಿನ ಬಳಿ ಸಾಲು ನಿಲ್ಲುತ್ತದೆ, ಹಿಂದೆಯೂ ಕಾರಿರುತ್ತದೆ. ನಿಮ್ಮನ್ನು ಹೆದರಿಸಿದ ಎಲ್ಲವೂ ಅಲ್ಲಿದೆ, ಆದರೆ ಬಸ್ಸಿಲ್ಲ, ಲಾರಿಯಿಲ್ಲ, ವೇಗವಿಲ್ಲ. ಹೊರವರ್ತುಲ ರಸ್ತೆಯಲ್ಲಿ ಎಡವುವುದು ಬೇರೆ ಕಡೆ: ಸರ್ವಿಸ್ ರಸ್ತೆಯಿಂದ ಮುಖ್ಯರಸ್ತೆಗೆ ಸೇರುವಾಗ ಹೆದರಿ ಬಾಯಲ್ಲೇ ನಿಂತುಬಿಡುತ್ತಾರೆ. ನಿಂತಲ್ಲಿಂದ ಎತ್ತಿ ಒಳನುಗ್ಗುವುದು ಇನ್ನೂ ಕಷ್ಟ. ಬಲ ಇಂಡಿಕೇಟರ್ ಹಾಕಿ, ಕನ್ನಡಿ ನೋಡುತ್ತಾ, ಎರಡನೇ ಗೇರಿನಲ್ಲಿ ನಿಧಾನವಾಗಿ ಉರುಳುತ್ತಲೇ ಸಂದಿಗೆ ಕಾಯಿರಿ. ಸಂದಿ ಇಲ್ಲದಿದ್ದಾಗ ಮಾತ್ರ ನಿಲ್ಲಿ. ಎಡಕ್ಕೆ ತಿರುಗುವಾಗ ಎಡಗನ್ನಡಿಯ ಜೊತೆಗೆ ಒಮ್ಮೆ ಕತ್ತು ತಿರುಗಿಸಿಯೂ ನೋಡಿ. ಈ ಊರಿನಲ್ಲಿ ಸ್ಕೂಟರು ಎಡದಿಂದಲೇ ಬರುತ್ತದೆ.

ವಾರಕ್ಕೆ ನಾಲ್ಕು ದಿನ, ದಿನಕ್ಕೆ ಮುಕ್ಕಾಲು ಗಂಟೆ. ವಾರಕ್ಕೊಮ್ಮೆ ಮಾತ್ರ ಹೊರಟರೆ ನಡುವಿನ ಆರು ದಿನದಲ್ಲಿ ಭಯ ಮತ್ತೆ ಮೊದಲಿನ ಜಾಗಕ್ಕೆ ಬಂದಿರುತ್ತದೆ. ಒಂದು ಮೆಟ್ಟಿಲನ್ನು ಮೂರರಿಂದ ಐದು ಸಲ ಮಾಡಿ ಮುಂದಕ್ಕೆ ಹೋಗಿ. ಅಂಕ ಸೊನ್ನೆಗೆ ಇಳಿಯಲಿ ಅಂತ ಕಾಯಬೇಡಿ. ಪ್ರತಿ ಸಲವೂ ಹೊರಡುವ ಮುಂಚೆ ಏನಾಗುತ್ತದೆಂದು ಹೆದರಿದ್ದೀರೋ ಅದನ್ನು ಒಂದೇ ಸಾಲಿನಲ್ಲಿ, ಖಚಿತವಾಗಿ ಬರೆಯಿರಿ. ‘ಏನೋ ಆಗಿಬಿಡುತ್ತೆ’ ಅಂತ ಬರೆದರೆ ಪರೀಕ್ಷಿಸಲಾಗದು. ‘ರ‍್ಯಾಂಪಿನಲ್ಲಿ ಹಿಂದೆ ಜಾರಿ ಹಿಂದಿನ ಕಾರಿಗೆ ಗುದ್ದುತ್ತೇನೆ, 80 ಪಾಲು ಖಂಡಿತ’ ಅಂತ ಬರೆಯಿರಿ. ವಾಪಸ್ ಬಂದು ಅದರ ಮುಂದೆ ಆದದ್ದನ್ನು ಬರೆಯಿರಿ: ‘ಒಂದು ಸಲ ಆಫ್ ಆಯಿತು. ಹಿಂದಿನವರು ಎರಡು ಸಲ ಹಾರ್ನ್ ಮಾಡಿದರು. ಎತ್ತಿಕೊಂಡು ಬಂದೆ.’ ‘ಹೆದರಿಕೆಯಾಯಿತೇ’ ಅಂತ ಅಳೆಯಬೇಡಿ. ‘ಅಂದುಕೊಂಡಿದ್ದು ಆಯಿತೇ’ ಅಂತ ಅಳೆಯಿರಿ. ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಮಿಶೆಲ್ ಕ್ರಾಸ್ಕ್ ಮತ್ತು ಅವರ ಜೊತೆಗಾರರು ಒತ್ತಿ ಹೇಳುವುದು ಇದನ್ನೇ. ಹಳೆಯ ಭಯದ ನೆನಪು ಅಳಿಸಿಹೋಗುವುದಿಲ್ಲ, ಅದರ ಪಕ್ಕದಲ್ಲಿ ಹೊಸ ನೆನಪೊಂದು ಬಲವಾಗಿ ಕೂರಬೇಕು. ಅಂದುಕೊಂಡದ್ದಕ್ಕೂ ಆದದ್ದಕ್ಕೂ ಅಂತರ ದೊಡ್ಡದಿದ್ದಷ್ಟೂ ಆ ಹೊಸ ನೆನಪು ಗಟ್ಟಿ. ಅದಕ್ಕೇ ಒಂದೇ ರಸ್ತೆಯಲ್ಲಿ ಒಂದೇ ಹೊತ್ತಿಗೆ ಓಡಿಸಿ ಪಳಗಿದರೆ ಸಾಲದು. ಬೆಳಿಗ್ಗೆ, ಕತ್ತಲಾದ ಮೇಲೆ, ತುಂತುರು ಮಳೆಯಲ್ಲಿ, ಬೇರೆ ಬೇರೆ ಏರಿನಲ್ಲಿ ಮಾಡಬೇಕು.

ಹಾರ್ನಿನ ಭಯಕ್ಕೆ ಬೇರೆಯದೇ ಅಭ್ಯಾಸವಿದೆ. ನಿಮ್ಮ ಪತ್ರದಲ್ಲಿ ಗುದ್ದುವುದಕ್ಕಿಂತ ಬೈಸಿಕೊಂಡದ್ದೇ ಹೆಚ್ಚು ನೋಯಿಸಿದಂತಿದೆ, ಹಾಗಾಗಿ ಇದನ್ನು ಬಿಡಬೇಡಿ. ಸಿಗ್ನಲ್ಲಿನಲ್ಲಿ ಹಸಿರು ಬಿದ್ದ ಮೇಲೆ ಮನಸ್ಸಿನಲ್ಲೇ ಎರಡು ಎಣಿಸಿ, ಎಡಬಲ ನೋಡಿ, ಆಮೇಲೆ ಹೊರಡಿ. ಅಡ್ಡರಸ್ತೆಯಿಂದ ಕೆಂಪು ದೀಪ ಹಾರಿಸಿಕೊಂಡು ಬರುವವರಿರುವುದರಿಂದ ಇದು ಸುರಕ್ಷಿತವೂ ಹೌದು. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಆ ಸದ್ದು ಕೇಳಿಸುತ್ತಿದ್ದಾಗಲೂ ಕ್ಲಚ್ಚನ್ನು ನಿಧಾನವಾಗಿಯೇ ಬಿಡುವುದು ನೀವು ಕಲಿಯಬೇಕಾದ ಪಾಠ. ಮುಂದಿನ ವಾಹನದ ಹಿಂದಿನ ಚಕ್ರ ರಸ್ತೆಗೆ ತಾಗುವ ಜಾಗ ನಿಮ್ಮ ಕಣ್ಣಿಗೆ ಕಾಣುವಷ್ಟು ಅಂತರ ಬಿಟ್ಟು ನಿಲ್ಲಿ. ಆ ಸಂದಿಯಲ್ಲಿ ಬೈಕುಗಳು ತುಂಬಿಕೊಳ್ಳುತ್ತವೆ. ತುಂಬಿಕೊಳ್ಳಲಿ, ಸಿಗ್ನಲ್ ಬಿಟ್ಟಾಗ ನಿಮಗಿಂತ ಮೊದಲು ಅವೇ ಹೊರಡುತ್ತವೆ.

ತುಂಬ ಜನ ಇಷ್ಟೆಲ್ಲ ಮಾಡಿಯೂ ಮುಂದಕ್ಕೆ ಹೋಗದಿರುವುದು ಊರುಗೋಲಿನಿಂದ. ಯಜಮಾನರು ಪಕ್ಕದಲ್ಲಿದ್ದರೆ ಮಾತ್ರ ಓಡಿಸುವುದು, ಇಡೀ ದಾರಿ ಎಡ ಅಂಚಿನಲ್ಲೇ ಹೋಗುವುದು, ಬಲ ತಿರುವು ತಪ್ಪಿಸಲು ಎರಡು ಕಿಲೋಮೀಟರ್ ಸುತ್ತುವುದು, ಸ್ಟಿಯರಿಂಗನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಹಿಡಿಯುವುದು. ಇವೆಲ್ಲ ಆ ಹೊತ್ತಿಗೆ ನೆಮ್ಮದಿ ಕೊಡುತ್ತವೆ, ಆದರೆ ಮನಸ್ಸು ‘ಅದಿತ್ತು, ಅದಕ್ಕೇ ಪಾರಾದೆ’ ಅಂತ ಲೆಕ್ಕ ಬರೆದುಕೊಳ್ಳುತ್ತದೆ. ಸೀಟ್‌ಬೆಲ್ಟ್, ಕನ್ನಡಿ, ಇಂಡಿಕೇಟರ್ ಊರುಗೋಲಲ್ಲ. ಅವು ಹೆದರದವರಿಗೂ ಬೇಕಾದವು. ಹೆದರದ ಚಾಲಕರು ಮಾಡದ್ದನ್ನು ನೀವು ಮಾಡುತ್ತಿದ್ದರೆ ಅದು ಊರುಗೋಲು.

ಯಜಮಾನರಿಗೂ ಇಲ್ಲಿ ಒಂದು ಕೆಲಸವಿದೆ, ಅದು ಸುಲಭದ್ದೇನಲ್ಲ. ಮೊದಲ ಎರಡು ವಾರ ಪಕ್ಕ ಕೂರಲಿ, ದಾರಿ ಮಾತ್ರ ಹೇಳಲಿ. ‘ಬ್ರೇಕು, ಬ್ರೇಕು’ ಅಂತ ಕೂಗುವುದು, ಕೈ ಚಾಚಿ ಸ್ಟಿಯರಿಂಗ್ ತಿರುಗಿಸುವುದು, ಬಾಗಿಲಿನ ಹಿಡಿ ಹಿಡಿದುಕೊಳ್ಳುವುದು ಬೇಡ. ನಿಜವಾಗಿ ಅಪಾಯ ಕಂಡರೆ ‘ನಿಲ್ಲಿಸು’ ಅನ್ನುವ ಒಂದೇ ಮಾತು, ಅದನ್ನು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಮೂರನೇ ವಾರ ಹಿಂದಿನ ಸೀಟಿಗೆ ಹೋಗಲಿ, ಆಮೇಲೆ ಮನೆಯಲ್ಲೇ ಉಳಿಯಲಿ. ಈ ಕೊನೆಯ ಹೆಜ್ಜೆಯನ್ನು ಮುಂದೂಡಿದರೆ ಉಳಿದದ್ದೆಲ್ಲ ಅರ್ಧಕ್ಕೇ ನಿಲ್ಲುತ್ತದೆ.

ಓಡಿಸುತ್ತಿರುವಾಗಲೇ ಎದೆ ಹೊಡೆದುಕೊಂಡು, ಕೈ ಜುಮ್ಮೆಂದು, ತಲೆ ಹಗುರಾದರೆ? ಜುಮ್ಮೆನ್ನುವುದು, ತಲೆ ಹಗುರಾಗುವುದು ಹೆಚ್ಚಾಗಿ ಉಸಿರು ವೇಗವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾದದ್ದರಿಂದ. ‘ಪ್ರಜ್ಞೆ ತಪ್ಪಿ ಬೀಳುತ್ತೇನೆ’ ಅನ್ನಿಸಿದರೂ ಭಯದಲ್ಲಿ ರಕ್ತದೊತ್ತಡ ಸಾಮಾನ್ಯವಾಗಿ ಏರುತ್ತದೆ. ಪ್ರಜ್ಞೆ ತಪ್ಪುವುದು ಒತ್ತಡ ಇಳಿದಾಗ. ತಟ್ಟನೆ ಬ್ರೇಕ್ ಹಾಕಬೇಡಿ. ವೇಗ ಇಳಿಸಿ, ಎಡ ಇಂಡಿಕೇಟರ್ ಹಾಕಿ, ಜಾಗ ಇದ್ದಲ್ಲಿ ಪಕ್ಕಕ್ಕೆ ನಿಲ್ಲಿಸಿ, ಹಜಾರ್ಡ್ ದೀಪ ಹಾಕಿ. ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಿ. ಭಯದ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತನ್ನ ಎತ್ತರ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ಇಳಿದ ಮೇಲೆ ಯಜಮಾನರಿಗೆ ಫೋನ್ ಮಾಡಿ ಕರೆಸಿಕೊಳ್ಳಬೇಡಿ, ಸ್ವಲ್ಪ ದೂರವಾದರೂ ನೀವೇ ಓಡಿಸಿ. ಅಲ್ಲೇ ಕೈಬಿಟ್ಟರೆ ಮಾಗಡಿ ರಸ್ತೆಯ ಸಂಜೆ ಮರುಕಳಿಸಿದಂತಾಗುತ್ತದೆ. ಮನೆಯಲ್ಲಿ ಬೇರೆಯವರಿಗೆ ಬರೆದುಕೊಟ್ಟ ಆತಂಕದ ಮಾತ್ರೆ ನುಂಗಿ ಹೊರಡಲೇಬೇಡಿ. ಅಂಥ ಅನೇಕ ಮಾತ್ರೆಗಳಿಂದ ಮಂಪರು ಬರುತ್ತದೆ, ಕಲಿತದ್ದೂ ಸರಿಯಾಗಿ ನಿಲ್ಲುವುದಿಲ್ಲ.

ಎಲ್ಲ ಭಯವನ್ನೂ ಮೆಟ್ಟಬೇಕೆಂದಿಲ್ಲ. ಮಳೆ ಸುರಿದು ಅಂಡರ್‌ಪಾಸಿನಲ್ಲಿ ನೀರು ನಿಂತಿದ್ದರೆ ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ, ಇಳಿಯಬೇಡಿ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ನೀರಿಗೆ ಸಿಕ್ಕ ಕಾರಿನಲ್ಲಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಅಲ್ಲಿ ಹೆದರುವುದೇ ಬುದ್ಧಿವಂತಿಕೆ. ಹಾಗೆಯೇ ಮೆಟ್ರೊದಲ್ಲಿ ಸಲೀಸಾಗಿ ಹೋಗಬಹುದಾದ ಕಡೆಗೆ ಕಾರು ತೆಗೆಯದಿರುವುದು ಹೇಡಿತನವಲ್ಲ. ಆದರೆ ನಿಮ್ಮದು ಆಯ್ಕೆಯೋ ಭಯವೋ ಅನ್ನುವುದನ್ನು ಒಂದು ಪ್ರಶ್ನೆಯಿಂದ ತಿಳಿದುಕೊಳ್ಳಬಹುದು: ರಾತ್ರಿ ಹನ್ನೊಂದಕ್ಕೆ ಅಮ್ಮನಿಂದ ಫೋನ್ ಬಂದು, ಯಜಮಾನರು ಊರಲ್ಲಿಲ್ಲದಿದ್ದರೆ ಕೀ ಕೈಗೆತ್ತಿಕೊಳ್ಳುತ್ತೀರಾ? ಅಲ್ಲಿಗೆ ಮೆಟ್ರೊ ನಂಬಿ ಕೂರುವಂತಿಲ್ಲ, ತುಮಕೂರಿನ ಕಡೆಗೆ ಅದರ ಹಸಿರು ಮಾರ್ಗ ಮಾದಾವರದವರೆಗೆ ಮಾತ್ರ ಹೋಗುತ್ತದೆ. ‘ಆಗಿಬರೋಲ್ಲ’ ಅಂದುಕೊಂಡು ಬಿಟ್ಟದ್ದನ್ನೆಲ್ಲ ಅದೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಡಿ. ಕೆಲಸ, ಅಮ್ಮನ ಮನೆ, ಗೆಳತಿಯ ಮನೆಯ ಸಮಾರಂಭ, ಏನೇ ಇರಲಿ. ಅಭ್ಯಾಸ ಬೇಸರ ತರಿಸುವ ಐದನೇ ವಾರದಲ್ಲಿ ಆ ಹಾಳೆ ಕೆಲಸಕ್ಕೆ ಬರುತ್ತದೆ.

ಈ ದಾರಿ ಎಲ್ಲರಿಗೂ ಅಲ್ಲ. ಮೂರ್ಛೆರೋಗ, ಹೃದಯದ ತೊಂದರೆ, ಇನ್ಸುಲಿನ್ ತೆಗೆದುಕೊಂಡು ಸಕ್ಕರೆ ಇಳಿಯುವ ಸಮಸ್ಯೆ, ನಿಜವಾಗಿ ಪ್ರಜ್ಞೆ ತಪ್ಪಿದ ಅನುಭವ ಇದ್ದವರು ವೈದ್ಯರನ್ನು ಕಂಡ ಮೇಲೆಯೇ ಸ್ಟಿಯರಿಂಗ್ ಹಿಡಿಯಬೇಕು. ದೊಡ್ಡ ಅಪಘಾತ ಕಂಡು ತಿಂಗಳು ಕಳೆದರೂ ಕನಸಿನಲ್ಲಿ ಬೆಚ್ಚಿಬೀಳುವವರಿಗೆ, ಕಾರಷ್ಟೇ ಅಲ್ಲದೆ ಲಿಫ್ಟು, ಮೆಟ್ರೊ, ಜನಜಂಗುಳಿಯಲ್ಲೂ ಎದೆ ಹೊಡೆದುಕೊಳ್ಳುವವರಿಗೆ ತಜ್ಞರ ಸಹಾಯ ಬೇಕು. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಖಾಸಗಿಯಾಗಿ ಹೋಗುವುದಾದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಅವರನ್ನು ಮೊದಲೇ ಕೇಳಿ: ‘ಎಕ್ಸ್‌ಪೋಷರ್ ಚಿಕಿತ್ಸೆ ಮಾಡುತ್ತೀರಾ?’ ಹೆದರುವುದನ್ನೇ ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ, ಮೇಲೆ ಹೇಳಿದಂಥ ಚಿಕಿತ್ಸೆ ಅದು. ಬರೀ ಮಾತುಕತೆಯಲ್ಲಿ ತಿಂಗಳುಗಟ್ಟಲೆ ಕಳೆದರೆ ಇಂಥ ಭಯಕ್ಕೆ ಪ್ರಯೋಜನ ಕಡಿಮೆ.

ಎರಡು ಮೂರು ತಿಂಗಳಲ್ಲಿ ನೆಲಮಂಗಲ ಮುಟ್ಟಿರುತ್ತೀರಿ ಅಂದುಕೊಳ್ಳಿ. ಆಮೇಲೆ ಜ್ವರವೋ ಮಕ್ಕಳ ಪರೀಕ್ಷೆಯೋ ಬಂದು ತಿಂಗಳು ಕಾರು ಮುಟ್ಟದಿದ್ದರೆ ಭಯ ಒಂದಷ್ಟು ವಾಪಸ್ ಬರುತ್ತದೆ. ಅದು ಸೋಲಲ್ಲ, ಭಯದ ನೆನಪಿನ ಸ್ವಭಾವವೇ ಅದು. ಪಟ್ಟಿಯಲ್ಲಿ ಎರಡು ಮೆಟ್ಟಿಲು ಕೆಳಗಿಳಿದು ಅಲ್ಲಿಂದ ಹತ್ತಿ, ಈ ಸಲ ಬೇಗ ಆಗುತ್ತದೆ.

ಇನ್ನು ಆಟೊಮ್ಯಾಟಿಕ್ ವಿಷಯ. ಬೆಂಗಳೂರಿನ ಟ್ರಾಫಿಕ್ಕಿಗೆ ಅದು ಒಳ್ಳೆಯದೇ, ಎಡಗಾಲಿಗೆ ಬಿಡುವು ಸಿಗುತ್ತದೆ, ಆಫ್ ಆಗುವ ಭಯವೂ ಹೋಗುತ್ತದೆ. ಆದರೆ ಹಾರ್ನು ಹಾಗೇ ಇರುತ್ತದೆ, ಮೇಲ್ಸೇತುವೆ, ಸರ್ವಿಸ್ ರಸ್ತೆ, ಎಡದಿಂದ ಬರುವ ಸ್ಕೂಟರು ಎಲ್ಲವೂ ಹಾಗೇ ಇರುತ್ತವೆ. ಕಡಿಮೆ ಬೆಲೆಯ ಎಎಂಟಿ ಕಾರುಗಳಲ್ಲಿ (ಸಾಧಾರಣ ಗೇರ್‌ಬಾಕ್ಸಿನ ಕ್ಲಚ್ಚು, ಗೇರನ್ನು ಯಂತ್ರವೇ ನಡೆಸುವಂಥವು) ಹಿಲ್ ಹೋಲ್ಡ್, ಅಂದರೆ ಏರಿನಲ್ಲಿ ಕಾರನ್ನು ಕೆಲವು ಕ್ಷಣ ತಾನೇ ಹಿಡಿದಿಡುವ ವ್ಯವಸ್ಥೆ, ಇಲ್ಲದಿದ್ದರೆ ಬ್ರೇಕಿನಿಂದ ಕಾಲು ತೆಗೆದಾಗ ಏರಿನಲ್ಲಿ ಅವೂ ಹಿಂದೆ ಜಾರಬಹುದು. ಈಗಿನ ಕಾರಿನಲ್ಲೇ ಮಾಲ್ ರ‍್ಯಾಂಪಿನ ಮೆಟ್ಟಿಲು ಮುಗಿಸಿ, ಆಮೇಲೆ ನಿರ್ಧರಿಸಿ. ಆಗಲೂ ಬೇಕೆನಿಸಿದರೆ ಹಿಲ್ ಹೋಲ್ಡ್ ಇರುವ ಮಾಡೆಲ್ಲನ್ನೇ ಕೇಳಿ, ಟೆಸ್ಟ್ ಡ್ರೈವಿನಲ್ಲಿ ನೀವೇ ಸ್ಟಿಯರಿಂಗ್ ಹಿಡಿದು ಏರಿನಲ್ಲಿ ನಿಲ್ಲಿಸಿ ಎತ್ತಿ ನೋಡಿ.